ಅಮೋನಿಯದ ಮೇಲೆ ಹೊರಿಸಿದ ಅಪವಾದ

ಜುಲೈ ತಿಂಗಳಿನಲ್ಲಿ ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಅಂಥ ದಿನಗಳಲ್ಲಿ ಅಲ್ಲಿನ ಮನೆಗಳ ಜಗಲಿಯನ್ನು ನೀವು ನೋಡಿರಬಹುದು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಹರವಿರುತ್ತಾರೆ. ಅದರಲ್ಲಿ ಪುಟ್ಟ ಚಡ್ಡಿಗಳೂ ಹಳೆ ಸೀರೆಯ ತುಂಡುಗಳೂ ಸಾಲಾಗಿದ್ದರೆ, ಆ ಮನೆಯಲ್ಲಿ ಒಂದೂವರೆ ಎರಡು ವರ್ಷದ ಮಗು ಶೌಚದ ಅಭ್ಯಾಸ ಕಲಿಯುತ್ತಿದೆ ಎಂದು ಊಹಿಸಬಹುದು. ಆ ಮಗುವಿನ ಪೃಷ್ಠಭಾಗ, ತೊಡೆಸಂದು ಕೆಂಪಾಗಿ ದದ್ದು ಏಳುವುದೂ ಇದೇ ಕಾಲದಲ್ಲಿ. ಮಗು ಕೂರಲಾರದು, ತೊಳೆಯಲು ಹೋದರೆ ಚೀರುತ್ತದೆ. ‘ಉಚ್ಚೆ ತಾಗಿ ಸುಟ್ಟದ್ದು’ ಎಂದು ಮನೆಯ ಹಿರಿಯರು ಹೇಳುತ್ತಾರೆ. ‘ಮೂತ್ರದಲ್ಲಿ ಅಮೋನಿಯ ಇರುತ್ತದಲ್ಲ, ಅದೇ ಕಾರಣ’ ಎಂದು ಸ್ವಲ್ಪ ವಿಜ್ಞಾನ ಓದಿದವರು ದನಿಗೂಡಿಸುತ್ತಾರೆ.

ಎರಡು ಮಾತಿನ ಅರ್ಥವೂ ಒಂದೇ. ರಾತ್ರಿಯ ಒದ್ದೆ ಬಟ್ಟೆಯನ್ನು ಬೆಳಗ್ಗೆ ಹಿಂಡುವಾಗ ಮೂಗಿಗೆ ಹೊಡೆಯುವ ಆ ಘಾಟು ವಾಸನೆಯನ್ನು ಬಲ್ಲವರು ಯಾರೂ ಇದನ್ನು ಸುಲಭವಾಗಿ ಅಲ್ಲಗಳೆಯಲಾರರು. ವೈದ್ಯಕೀಯ ಗ್ರಂಥಗಳೂ 1915ರಿಂದ 1977ರವರೆಗೆ, ಅಂದರೆ 62 ವರ್ಷ, ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದವು. ಆದರೆ ಈ ಆರೋಪ ಪೂರ್ತಿ ನಿಜವಾಗಿರಲಿಲ್ಲ. ಅದು ಹೇಗೆ ಹುಟ್ಟಿತು, ಹೇಗೆ ಬಿದ್ದುಹೋಯಿತು, ಈ ನಡುವೆ ಮದ್ದೇ ಮಕ್ಕಳಿಗೆ ಹೇಗೆ ಮುಳುವಾಯಿತು ಎಂಬ ಇತಿಹಾಸವನ್ನು ನೋಡೋಣ. ಮಗುವಿನ ಚಡ್ಡಿಯ ವಿಷಯ ಸಣ್ಣದೆಂದು ತೋರಬಹುದು. ವಿಜ್ಞಾನದಲ್ಲಿ ಸಾಕ್ಷ್ಯವೆಂದರೇನು ಎಂಬುದನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಸುಶ್ರುತನ ‘ಅಹಿಪೂತನ’

ಈ ದದ್ದಿನ ಬಹಳ ಹಳೆಯ ವಿವರಣೆಯೊಂದು ನಮ್ಮ ದೇಶದ್ದೇ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಸಣ್ಣಪುಟ್ಟ ಕಾಯಿಲೆಗಳನ್ನು ಪಟ್ಟಿಮಾಡುವ ಅಧ್ಯಾಯವೊಂದಿದೆ. ಅಲ್ಲಿ ‘ಅಹಿಪೂತನ’ ಎಂಬ ಶಿಶುರೋಗದ ಪ್ರಸ್ತಾಪ ಬರುತ್ತದೆ. ಮಲಮೂತ್ರ ತಾಗಿದ ಭಾಗವನ್ನು ತೊಳೆಯದೆ ಬಿಟ್ಟರೆ, ಅಥವಾ ಬೆವರಿದ ಮಗುವಿಗೆ ಸ್ನಾನ ಮಾಡಿಸದಿದ್ದರೆ, ಅಲ್ಲಿ ತುರಿಕೆ ಉಂಟಾಗಿ, ತುರಿಸಿದಾಗ ಗುಳ್ಳೆಗಳೆದ್ದು ರಸಿಕೆ ಒಸರುತ್ತದೆ ಎಂಬುದು ಅದರ ಸಾರಾಂಶ. ರಕ್ತ ಮತ್ತು ಕಫದ ಕೆಡುಕಿನಿಂದ ತುರಿಕೆ ಎಂದು ಕಾರಣ ಕೊಡುವುದು ಆ ಕಾಲದ ಸಿದ್ಧಾಂತ. ಅದನ್ನು ಬದಿಗಿಟ್ಟು, ಕಣ್ಣಿಗೆ ಕಂಡದ್ದನ್ನು ಬರೆದ ಭಾಗವನ್ನಷ್ಟೇ ಗಮನಿಸಿ. ಮೂತ್ರವೊಂದನ್ನೇ ಅಲ್ಲಿ ಹೆಸರಿಸಿಲ್ಲ. ಮಲ, ಮೂತ್ರ, ಬೆವರು ಮೂರನ್ನೂ ಸೇರಿಸಿ ಹೇಳಿದೆ. ತೊಳೆಯದೆ ಬಿಡುವುದನ್ನು ಕಾರಣವಾಗಿ ಕೊಟ್ಟಿದೆ. ಈ ‘ಮಲವೂ ಮೂತ್ರವೂ ಸೇರಿ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ವಾಸನೆಯ ಜಾಡು ಹಿಡಿದವರು

ಆಧುನಿಕ ವೈದ್ಯವಿಜ್ಞಾನದಲ್ಲಿ ಈ ದದ್ದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದ ಕೀರ್ತಿ ಸಾಮಾನ್ಯವಾಗಿ ಫ್ರಾನ್ಸಿನ ಚರ್ಮವೈದ್ಯ ಲೂಸಿಯೆನ್ ಜಾಕೆ ಅವರಿಗೆ, 1905ರ ಅವರ ಬರಹಕ್ಕೆ ಸಲ್ಲುತ್ತದೆ. ಇದರ ತೀವ್ರ ರೂಪವೊಂದಕ್ಕೆ ಇಂದಿಗೂ ಅವರ ಹೆಸರಿದೆ. ಹತ್ತು ವರ್ಷಗಳ ಬಳಿಕ, 1915ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯ ಜಾನ್ ಝಹೋರ್ಸ್ಕಿ ಮಕ್ಕಳ ಲಂಗೋಟಿಯಿಂದ ಬರುವ ಅಮೋನಿಯದ ವಾಸನೆಯನ್ನು ಕುರಿತು ಪ್ರಬಂಧ ಬರೆದು, ಅದಕ್ಕೂ ದದ್ದಿಗೂ ನಂಟು ಕಲ್ಪಿಸಿದರು.

ಅಮೋನಿಯ ಎಲ್ಲಿಂದ ಬರುತ್ತದೆ? ಆಗತಾನೇ ವಿಸರ್ಜಿಸಿದ ಮೂತ್ರದಲ್ಲಿ ಅದು ಅತ್ಯಲ್ಪ. ಮೂತ್ರದಲ್ಲಿ ಹೆಚ್ಚಾಗಿರುವುದು ಯೂರಿಯ. ಅದು ತಟಸ್ಥ ವಸ್ತು, ಚರ್ಮವನ್ನು ಸುಡುವುದಿಲ್ಲ. ಕೆಲವು ಬ್ಯಾಕ್ಟೀರಿಯಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಈ ಕಿಣ್ವವು ಯೂರಿಯವನ್ನು ನೀರಿನೊಡನೆ ವರ್ತಿಸುವಂತೆ ಮಾಡಿ ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಒದ್ದೆ ಬಟ್ಟೆ ಗಂಟೆಗಟ್ಟಲೆ ಹಾಗೆಯೇ ಇದ್ದಾಗ ಈ ಕ್ರಿಯೆ ಮುಂದುವರಿಯುವುದರಿಂದಲೇ ಬೆಳಗಿನ ಬಟ್ಟೆಗೆ ಹೆಚ್ಚು ಘಾಟು.

1921ರಲ್ಲಿ ಅಮೆರಿಕದ ಇನ್ನೊಬ್ಬ ವೈದ್ಯ ಜೆ.ವಿ. ಕುಕ್ ಈ ದದ್ದಿರುವ ಮಕ್ಕಳ ಬಟ್ಟೆ ಹಾಗೂ ಮಲದಿಂದ ಯೂರಿಯವನ್ನು ಒಡೆಯುವ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿ ಅದಕ್ಕೆ ‘ಬ್ಯಾಸಿಲಸ್ ಅಮೋನಿಯಜೀನಿಸ್’ ಎಂದು ಹೆಸರಿಟ್ಟರು. ಸರಪಳಿ ಪೂರ್ತಿಯಾದಂತೆ ಕಂಡಿತು. ಬ್ಯಾಕ್ಟೀರಿಯ ಇದೆ, ಅದು ಅಮೋನಿಯ ಉಂಟುಮಾಡುತ್ತದೆ, ಅಮೋನಿಯ ಕ್ಷಾರ, ಕ್ಷಾರ ಚರ್ಮವನ್ನು ಸುಡುತ್ತದೆ. ‘ಅಮೋನಿಯ ದದ್ದು’ ಎಂಬ ಹೆಸರೇ ಪುಸ್ತಕಗಳಲ್ಲಿ ನೆಲೆಯೂರಿತು. ಐದು ವರ್ಷಗಳ ನಂತರ, 1926ರಲ್ಲಿ, ಜೇಮ್ಸ್ ಸಮ್ನರ್ ಒಂದು ಬಗೆಯ ಅವರೆಯ ಬೀಜದಿಂದ ಇದೇ ಯೂರಿಯೇಸನ್ನು ಹರಳಿನ ರೂಪದಲ್ಲಿ ಪಡೆದರು. ಹರಳಾಗಿ ದೊರೆತ ಮೊದಲ ಕಿಣ್ವ ಅದು. 1946ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆತದ್ದು ಈ ಕೆಲಸಕ್ಕಾಗಿ.

ಈ ಕ್ರಿಯೆಯನ್ನು ನೀವೇ ಮಾಡಿ ನೋಡಬಹುದು. ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲೆಲ್ಲ ಕಲ್ಲಂಗಡಿ ಸಿಗುತ್ತದೆ. ಅದರ ಹಸಿ ಬೀಜಗಳನ್ನು ಜಜ್ಜಿ ನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಆ ಬೀಜದಲ್ಲೂ ಯೂರಿಯೇಸ್ ಇದೆ. ಮೂರು ಪ್ರನಾಳಗಳನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಬೀಜದ ರಸ ಹಾಗೂ ಒಂದು ಚಿಟಿಕೆ ಯೂರಿಯ ಗೊಬ್ಬರ, ಎರಡನೆಯದರಲ್ಲಿ ಬೀಜದ ರಸ ಮಾತ್ರ, ಮೂರನೆಯದರಲ್ಲಿ ಚೆನ್ನಾಗಿ ಕುದಿಸಿ ತಣಿಸಿದ ರಸ ಹಾಗೂ ಯೂರಿಯ ಇರಲಿ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯಿಂದ ಆಗಾಗ ಪರೀಕ್ಷಿಸಿ. ಮೊದಲನೆಯ ಪ್ರನಾಳದಲ್ಲಿ ಮಾತ್ರ ಪಟ್ಟಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವುದನ್ನು ಕಂಡವರಿಗೆ ಈ ಬಣ್ಣದ ಪರಿಚಯವಿದೆ. ಕ್ಷಾರ ತಾಗಿದಾಗ ಅರಿಸಿನ ಕೆಂಪಾಗುತ್ತದೆ. ಎರಡನೆಯ ಮತ್ತು ಮೂರನೆಯ ಪ್ರನಾಳಗಳನ್ನು ಇಟ್ಟದ್ದು ಯಾಕೆ ಎಂದು ವಿದ್ಯಾರ್ಥಿಗಳನ್ನು ಕೇಳಿ. ಈ ಲೇಖನದ ಮುಖ್ಯ ವಿಷಯ ಆ ಪ್ರಶ್ನೆಯಲ್ಲಿಯೇ ಇದೆ.

ಮದ್ದೇ ಮುಳುವಾದಾಗ

ಅಪರಾಧಿ ಬ್ಯಾಕ್ಟೀರಿಯ ಎಂದಾದ ಮೇಲೆ ಅದನ್ನು ಕೊಲ್ಲುವ ವಸ್ತುವನ್ನು ಬಟ್ಟೆಗೆ ಅಥವಾ ಚರ್ಮಕ್ಕೆ ಹಾಕುವುದು ಸಹಜವಾದ ತರ್ಕ. ಆದರೆ ಲಂಗೋಟಿಯೊಳಗಿನ ಚರ್ಮ ಬೇರೆಡೆಯ ಚರ್ಮದಂತಲ್ಲ. ಅದು ಒದ್ದೆ, ಬೆಚ್ಚಗೆ, ಮುಚ್ಚಿದ ಸ್ಥಿತಿಯಲ್ಲಿರುತ್ತದೆ. ದದ್ದು ಎದ್ದಾಗ ಅದರ ಮೇಲ್ಪದರವೂ ಕಿತ್ತುಹೋಗಿರುತ್ತದೆ. ಹಚ್ಚಿದ್ದು ಸುಲಭವಾಗಿ ರಕ್ತಕ್ಕೆ ಇಳಿಯುತ್ತದೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇದರ ಮುನ್ಸೂಚನೆ 1886ರಲ್ಲೇ ಸಿಕ್ಕಿತ್ತು. ಇಂಗ್ಲೆಂಡಿನಲ್ಲಿ ನವಜಾತ ಶಿಶುಗಳು ಇದ್ದಕ್ಕಿದ್ದಂತೆ ನೀಲಿಗಟ್ಟಿದವು. ಲಂಗೋಟಿಯ ಮೇಲೆ ಗುರುತಿಗಾಗಿ ಒತ್ತಿದ್ದ ಅನಿಲೀನ್ ಬಣ್ಣವು ಚರ್ಮದ ಮೂಲಕ ಒಳಸೇರಿ, ರಕ್ತದ ಹೀಮೊಗ್ಲೋಬಿನ್ ಆಮ್ಲಜನಕವನ್ನು ಸಾಗಿಸದಂತೆ ಮಾಡಿತ್ತು. ರೇನರ್ ಎಂಬ ವೈದ್ಯರು ಇದನ್ನು ವರದಿ ಮಾಡಿದರು. ಪಾಠ ಸ್ಪಷ್ಟವಾಗಿತ್ತು. ಆದರೂ ಕಲಿಯಲು ಬಹಳ ಕಾಲ ಹಿಡಿಯಿತು.

ಬೋರಿಕ್ ಆಮ್ಲ ಸೌಮ್ಯವಾದ ಕ್ರಿಮಿನಾಶಕ ಎಂದು ಹೆಸರಾಗಿತ್ತು. ಮಕ್ಕಳ ಪೌಡರುಗಳಲ್ಲಿ ಅದನ್ನು ಧಾರಾಳವಾಗಿ ಬಳಸುತ್ತಿದ್ದರು. ದದ್ದಿನ ಮೇಲೆ ಉದುರಿಸಿದ ಬೋರಿಕ್ ಪುಡಿ ದೇಹಕ್ಕೆ ಸೇರಿ ವಾಂತಿ, ಭೇದಿ, ಸೆಳವು ಉಂಟಾಗಿ ಮಕ್ಕಳು ಸತ್ತ ಪ್ರಕರಣಗಳು ಒಂದೊಂದಾಗಿ ವರದಿಯಾದವು. 1953ರಲ್ಲಿ ಗೋಲ್ಡ್‌ಬ್ಲೂಮ್ ಎಂಬ ಹೆಸರಿನ ಕೆನಡಾದ ಇಬ್ಬರು ವೈದ್ಯರು ಅಲ್ಲಿಯವರೆಗಿನ ಪ್ರಕರಣಗಳನ್ನೆಲ್ಲ ಒಟ್ಟುಗೂಡಿಸಿ ಎಚ್ಚರಿಸಿದರು. ಕ್ರಮೇಣ ಮಕ್ಕಳ ಪೌಡರಿನಿಂದ ಬೋರಿಕ್ ಆಮ್ಲ ಮರೆಯಾಯಿತು.

1972ರಲ್ಲಿ ಫ್ರಾನ್ಸಿನಲ್ಲಿ ಇದಕ್ಕಿಂತ ದೊಡ್ಡ ದುರಂತ ನಡೆಯಿತು. ಮೊರಾಂಜ್ ಎಂಬ ಹೆಸರಿನ ಮಕ್ಕಳ ಪೌಡರಿನ ತಯಾರಿಕೆಯಲ್ಲಿ ತಪ್ಪಾಗಿ, ಹೆಕ್ಸಾಕ್ಲೋರೋಫೀನ್ ಎಂಬ ಬ್ಯಾಕ್ಟೀರಿಯನಾಶಕ ಶೇಕಡ 6ಕ್ಕೂ ಹೆಚ್ಚು ಸೇರಿಹೋಯಿತು. ಅದು ನರಮಂಡಲಕ್ಕೆ ವಿಷ. 204 ಮಕ್ಕಳು ಕಾಯಿಲೆ ಬಿದ್ದು 36 ಮಕ್ಕಳು ಸತ್ತರು. ಮೊದಮೊದಲು ವೈದ್ಯರು ಮಿದುಳಿನ ಸೋಂಕನ್ನು ಹುಡುಕುತ್ತಿದ್ದರು. ಕಾರಣ ಮಾತ್ರ ಪೌಡರಿನ ಡಬ್ಬಿಯಲ್ಲಿತ್ತು.

1980ರ ಸುಮಾರಿಗೆ ಅರ್ಜೆಂಟೀನದ ಬ್ಯೂನಸ್ ಐರಿಸ್‌ನಲ್ಲಿ ಲಂಗೋಟಿ ಒಗೆದುಕೊಡುವ ಉದ್ಯಮವೊಂದು ಬಟ್ಟೆಗಳನ್ನು ಪಾದರಸದ ಸಂಯುಕ್ತದಿಂದ ಸಂಸ್ಕರಿಸಿತು. ಸಾವಿರಾರು ಶಿಶುಗಳ ದೇಹಕ್ಕೆ ಚರ್ಮದ ಮೂಲಕ ಪಾದರಸ ಸೇರಿತು. ಮೂತ್ರಪಿಂಡದ ಮೇಲೆ ಅದರ ಪರಿಣಾಮವನ್ನು 1985ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಈ ಎಲ್ಲ ಮನೆಗಳಲ್ಲೂ ತಾಯಂದಿರು ಮಾಡಿದ್ದು ಪ್ರೀತಿಯಿಂದಲೇ. ಪೌಡರ್ ಹಚ್ಚಿದವರ, ಶುಭ್ರವಾದ ಬಟ್ಟೆ ತರಿಸಿಕೊಂಡವರ ತಪ್ಪು ಏನೂ ಇರಲಿಲ್ಲ. ಆ ಜಾಗಕ್ಕೆ ಹಚ್ಚುವ ಯಾವ ವಸ್ತುವೂ ಬರೀ ಹೊರಗಿನ ಮದ್ದಲ್ಲ ಎಂಬ ತಿಳಿವಳಿಕೆಯನ್ನು ಅವರಿಗೆ ಯಾರೂ ಮುಟ್ಟಿಸಿರಲಿಲ್ಲ.

1977ರಲ್ಲಿ ಕೇಳಿದ ಪ್ರಶ್ನೆ

ಇನ್ನು ಆ ಎರಡನೆಯ ಪ್ರನಾಳದ ವಿಚಾರಕ್ಕೆ ಬರೋಣ. ದದ್ದಿರುವ ಮಕ್ಕಳ ಬಟ್ಟೆಯಲ್ಲಿ ಅಮೋನಿಯ ಇದೆ, ಸರಿ. ದದ್ದಿಲ್ಲದ ಮಕ್ಕಳ ಬಟ್ಟೆಯಲ್ಲಿ?

ಅಮೆರಿಕದ ಜೇಮ್ಸ್ ಲೈಡನ್, ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು ಎರಡೂ ಗುಂಪಿನ ಮಕ್ಕಳ ಬೆಳಗಿನ ಲಂಗೋಟಿಗಳನ್ನು ಪರೀಕ್ಷಿಸಿ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೋನಿಯದ ಪ್ರಮಾಣದಲ್ಲಾಗಲಿ, ಅದನ್ನು ಉಂಟುಮಾಡುವ ಬ್ಯಾಕ್ಟೀರಿಯಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತ ಚರ್ಮದ ಮಗುವಿನ ಬಟ್ಟೆಯೂ ಅಷ್ಟೇ ಘಾಟು! ಗಾಯವಿಲ್ಲದ ಚರ್ಮವನ್ನು ಅಮೋನಿಯ ತಾನಾಗಿ ಕೆಡಿಸಲಿಲ್ಲ. ಮೊದಲೇ ಗೀಚಿದ ಚರ್ಮದಲ್ಲಿ ಮಾತ್ರ ಉರಿಯನ್ನು ಹೆಚ್ಚಿಸಿತು. ಅಂದರೆ ಅಮೋನಿಯ ಗಾಯದ ಮೇಲೆ ಎಳೆದ ಬರೆ ಆಗಬಲ್ಲುದು, ಗಾಯಕ್ಕೆ ಮೂಲವಲ್ಲ. ಹಾಗಾದರೆ ಮೂಲ ಯಾವುದು?

ಉತ್ತರದ ಅರ್ಧ ಭಾಗ 1928ರಲ್ಲೇ ಸಿದ್ಧವಾಗಿತ್ತು. ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವಿಜ್ಞಾನಿಗಳು ಮನುಷ್ಯನ ಚರ್ಮದ ಮೇಲ್ಮೈ ತುಸು ಆಮ್ಲೀಯ ಎಂದು ತೋರಿಸಿ, ಅದನ್ನು ‘ಆಮ್ಲದ ಹೊದಿಕೆ’ ಎಂದು ಕರೆದಿದ್ದರು. ಅದರ ಪಿಹೆಚ್ ಸುಮಾರು 5ರ ಆಸುಪಾಸು. ಈ ಆಮ್ಲೀಯತೆ ಚರ್ಮದ ಮೇಲ್ಪದರವನ್ನು ಗಟ್ಟಿಯಾಗಿರಿಸಲು ನೆರವಾಗುತ್ತದೆ. ಪಿಹೆಚ್ ಒಂದು ಅಂಕಿ ಏರಿದರೆ ಆಮ್ಲೀಯತೆ ಹತ್ತು ಪಟ್ಟು ಇಳಿಯಿತು ಎಂದು ಅರ್ಥ ಎಂಬುದು ನಿಮಗೆ ಗೊತ್ತು. ಸಾಮಾನ್ಯ ಸಾಬೂನಿನ ದ್ರಾವಣದ ಪಿಹೆಚ್ 9ರಿಂದ 10.

ಉಳಿದ ಅರ್ಧ 1986ರಲ್ಲಿ ಬಂತು. ಬರ್ಗ್, ಬಕಿಂಗ್‌ಹ್ಯಾಮ್ ಮತ್ತು ಸಂಗಡಿಗರು, ರೋಮವಿಲ್ಲದ ಇಲಿಗಳ ಚರ್ಮದ ಮೇಲೆ ಮಲ, ಮೂತ್ರಗಳನ್ನು ಬೇರೆಬೇರೆಯಾಗಿಯೂ ಒಟ್ಟಾಗಿಯೂ ಇಟ್ಟು ನೋಡಿದರು. ಎರಡೂ ಸೇರಿದಾಗ ಹಾನಿ ಹೆಚ್ಚು. ಕಾರಣ ಹೀಗಿದೆ. ಮಲದಲ್ಲಿ ಆಹಾರವನ್ನು ಜೀರ್ಣಿಸಿ ಉಳಿದ ಕಿಣ್ವಗಳಿರುತ್ತವೆ. ಅವುಗಳಲ್ಲಿ ಕೆಲವು ಪ್ರೋಟೀನನ್ನು, ಕೆಲವು ಕೊಬ್ಬನ್ನು ಒಡೆಯುತ್ತವೆ. ಚರ್ಮದ ಮೇಲ್ಪದರವೂ ಪ್ರೋಟೀನು, ಕೊಬ್ಬುಗಳಿಂದಲೇ ಆದದ್ದು. ಆಮ್ಲೀಯ ಚರ್ಮದ ಮೇಲೆ ಈ ಕಿಣ್ವಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ಮಲದಲ್ಲಿಯೇ ಇರುವ ಯೂರಿಯೇಸ್ ಮೂತ್ರದ ಯೂರಿಯವನ್ನು ಒಡೆದು ಪಿಹೆಚ್ ಏರಿಸಿದಾಗ ಅವು ಚುರುಕಾಗುತ್ತವೆ. ಆಗ ಅವು ಮಗುವಿನ ಚರ್ಮವನ್ನೇ ಜೀರ್ಣಿಸತೊಡಗುತ್ತವೆ ಎನ್ನಬಹುದು.

ಇದಕ್ಕೆ ತೇವವೂ ಉಜ್ಜಾಟವೂ ಸೇರುತ್ತವೆ. ತುಂಬ ಹೊತ್ತು ನೀರಿನಲ್ಲಿ ನೆನೆದ ಬೆರಳ ತುದಿ ಬಿಳಿಚಿಕೊಂಡು ಮೆತ್ತಗಾಗುವುದನ್ನು ಗಮನಿಸಿದ್ದೀರಲ್ಲವೆ? ಹಾಗೆ ನೆನೆದ ಚರ್ಮ ಬಟ್ಟೆಗೆ ತಾಗಿದಾಗ ಬೇಗ ತರಚುತ್ತದೆ. ತೇವ ಚರ್ಮವನ್ನು ಮೆತ್ತಗಾಗಿಸುತ್ತದೆ, ಬಟ್ಟೆ ಉಜ್ಜುತ್ತದೆ, ಪಿಹೆಚ್ ಏರುತ್ತದೆ, ಕಿಣ್ವ ಕೊರೆಯುತ್ತದೆ. ಅಮೋನಿಯದ ಪಾತ್ರ ಇದರಲ್ಲಿ ಇಲ್ಲವೆಂದಲ್ಲ. ಅದು ಬಾಗಿಲು ತೆರೆದುಕೊಡುವ ಸಹಾಯಕ, ನುಗ್ಗಿದವರು ಬೇರೆ. ‘ಮಲವೂ ಮೂತ್ರವೂ ಸೇರಿ, ತೊಳೆಯದೆ ಬಿಟ್ಟಾಗ’ ಎಂಬ ಸುಶ್ರುತ ಸಂಹಿತೆಯ ವೀಕ್ಷಣೆ ಸಿದ್ಧಾಂತಕ್ಕಿಂತ ಹೆಚ್ಚು ಕಾಲ ಬಾಳಿದ್ದು ಹೀಗೆ.

ಮುಚ್ಚಿದ ಒದ್ದೆ ಜಾಗದಲ್ಲಿ ಕ್ಯಾಂಡಿಡ ಎಂಬ ಶಿಲೀಂಧ್ರವೂ ಬೆಳೆಯುತ್ತದೆ. ಆಗ ದದ್ದು ಚರ್ಮದ ಮಡಿಕೆಗಳ ಒಳಗೂ ಕಡುಕೆಂಪಾಗಿ ಹರಡಿ, ಅಂಚಿನಲ್ಲಿ ಬಿಡಿಬಿಡಿ ಚುಕ್ಕೆಗಳು ಕಾಣುತ್ತವೆ. ಬೇರೆ ಯಾವುದೋ ಕಾಯಿಲೆಗೆ ಪ್ರತಿಜೈವಿಕ ಔಷಧಿ ಕೊಟ್ಟ ನಂತರ ಇದು ಬರುವುದು ಹೆಚ್ಚು. ಈ ಶಿಲೀಂಧ್ರದ ವಿರುದ್ಧ ಕೆಲಸ ಮಾಡುವ ನಿಸ್ಟಾಟಿನ್ ಎಂಬ ಔಷಧಿಯನ್ನು 1950ರಲ್ಲಿ ಜಗತ್ತಿಗೆ ಕೊಟ್ಟವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು.

ನಮ್ಮ ಕರಾವಳಿಯ ರೂಢಿಗಳು

ಈ ತಿಳಿವಳಿಕೆಯ ಬೆಳಕಿನಲ್ಲಿ ಕುಂದಾಪುರ ಸೀಮೆಯ ರೂಢಿಗಳನ್ನು ನೋಡೋಣ. ಬೈಂದೂರು ಮತ್ತು ಬ್ರಹ್ಮಾವರ ಈಗ ಬೇರೆ ತಾಲೂಕುಗಳಾದರೂ ಮೂರೂ ಕಡೆಯ ಹವೆ ಒಂದೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ತಿಂಗಳುಗಳಲ್ಲಿ ಸೆಕೆ ಮತ್ತು ಬೆವರು.

ಕೂಸನ್ನು ಅಡಿಕೆಯ ಹಾಳೆಯಲ್ಲಿ ಮಲಗಿಸಿ ಮೀಯಿಸುವುದು, ತೆಂಗಿನೆಣ್ಣೆ ಹಚ್ಚುವುದು, ಎಣ್ಣೆ ತೆಗೆಯಲು ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಬಳಸುವುದು, ಹಗಲು ಹೊತ್ತು ಮಗುವನ್ನು ಉಡಿದಾರವೊಂದರಲ್ಲೇ ಬಿಡುವುದು ಇಲ್ಲಿನ ಹಳೆಯ ಪದ್ಧತಿ. ಅಜ್ಜಿ ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಮಗುವನ್ನು ಕೂರಿಸಿ, ಬಾಯಲ್ಲಿ ‘ಸ್‌ಸ್‌’ ಎಂದು ಸದ್ದು ಮಾಡಿ ಮೂತ್ರ ಹೊಯ್ಯಿಸುತ್ತಿದ್ದಳು. ಆದ ಕೂಡಲೇ ನೀರು ಹಾಕಿ ತೊಳೆಯುತ್ತಿದ್ದಳು. ಗಾಳಿಗೆ ತೆರೆದ ಚರ್ಮ, ಕೂಡಲೇ ತೊಳೆಯುವುದು, ನೀರನ್ನು ದೂರವಿಡುವ ಎಣ್ಣೆಯ ಪದರ, ಸಾಬೂನಿಲ್ಲದ ಸ್ನಾನ: 1986ರ ವಿವರಣೆಗೆ ಇವೆಲ್ಲ ಚೆನ್ನಾಗಿ ಹೊಂದುತ್ತವೆ. 1872ರಲ್ಲಿ ಚೀಸ್‌ಬ್ರೋ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯೂ, 19ನೆಯ ಶತಮಾನದ ಕೊನೆಯಲ್ಲಿ ಬರ್ಲಿನ್ನಿನ ಲಾಸರ್ ಬಳಕೆಗೆ ತಂದ ಸತುವಿನ ಆಕ್ಸೈಡಿನ ಲೇಪವೂ ಮಾಡುವ ಕೆಲಸ ಇದೇ. ಅವು ಕ್ರಿಮಿಯನ್ನು ಕೊಲ್ಲಲು ಹೊರಟ ಮದ್ದುಗಳಲ್ಲ. ಚರ್ಮಕ್ಕೂ ಕೊಳೆಗೂ ನಡುವೆ ನಿಲ್ಲುವ ಗೋಡೆಗಳು.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಹೆಚ್ಚಿರುವುದರಿಂದ ನೀರು ಆವಿಯಾಗುವುದು ನಿಧಾನ. ಬಚ್ಚಲ ಒಲೆಯ ಬಿಸಿಗೆ ಹರವಿದರೂ ಬಟ್ಟೆ ಅರೆಬರೆ ಒಣಗುತ್ತದೆ. ಆ ಥಂಡಿ ಬಟ್ಟೆಯನ್ನೇ ಮಗುವಿಗೆ ಉಡಿಸಿದರೆ ಚರ್ಮಕ್ಕೆ ಬಿಡುವೇ ಇಲ್ಲ. ನಾಟಿಯ ದಿನಗಳಲ್ಲಿ ತಾಯಿ ಗದ್ದೆಯಲ್ಲಿದ್ದು, ಮಗು ಏಳೆಂಟು ವರ್ಷದ ಅಕ್ಕನ ಕೈಯಲ್ಲಿದ್ದಾಗ ಒದ್ದೆ ಚಡ್ಡಿ ಮಧ್ಯಾಹ್ನದವರೆಗೂ ಮೈಮೇಲೇ ಉಳಿಯುತ್ತಿತ್ತು. ಗೇರುಬೀಜದ ಕಾರ್ಖಾನೆಗೆ, ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ತಾಯಂದಿರ ಮನೆಗಳಲ್ಲೂ ಇದೇ ಕಷ್ಟ. ದದ್ದನ್ನು ತಾಯಿಯ ಅಜಾಗ್ರತೆ ಎಂದು ದೂರುವವರು ಈ ಗಂಟೆಗಳ ಲೆಕ್ಕವನ್ನು ಮರೆಯುತ್ತಾರೆ.

ಬಟ್ಟೆಯಲ್ಲಿ ಉಳಿಯುವ ಸಾಬೂನು ಇನ್ನೊಂದು ತೊಂದರೆ. ಇದನ್ನೂ ಅರಿಸಿನದ ಪಟ್ಟಿಯಿಂದ ಪರೀಕ್ಷಿಸಬಹುದು. ಸಾಬೂನು ಹಾಕಿ ಒಗೆದ ಬಟ್ಟೆಯನ್ನು ಒಂದು ಸಲ ಜಾಲಿಸಿ, ಹಿಂಡಿದ ನೀರಿನಲ್ಲಿ ಪಟ್ಟಿಯನ್ನು ಅದ್ದಿ. ಎರಡನೆಯ, ಮೂರನೆಯ ಸಲ ಜಾಲಿಸಿದಾಗಲೂ ಹಾಗೆಯೇ ಮಾಡಿ. ಪಟ್ಟಿ ಹಳದಿಯಾಗಿಯೇ ಉಳಿಯಲು ಎಷ್ಟು ಸಲ ಜಾಲಿಸಬೇಕಾಯಿತು ಎಂದು ಬರೆದಿಡಿ. ಬಾವಿ ನೀರು, ನಳ್ಳಿ ನೀರು, ಬೇಸಿಗೆಯಲ್ಲಿ ಉಪ್ಪಾಗುವ ಹೊಳೆ ಬದಿಯ ಬಾವಿಯ ನೀರು ಇವುಗಳಿಂದ ಪ್ರಯೋಗವನ್ನು ಬೇರೆಬೇರೆಯಾಗಿ ಮಾಡಿದರೆ ಒಳ್ಳೆಯ ವಿಜ್ಞಾನ ಯೋಜನೆಯೇ ಆಗುತ್ತದೆ.

ಲಂಗೋಟಿಯಿಂದ ಡಯಾಪರಿಗೆ

1946ರಲ್ಲಿ ಅಮೆರಿಕದ ಮೇರಿಯನ್ ಡೊನೊವನ್ ಎಂಬ ಗೃಹಿಣಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಲಂಗೋಟಿಯ ಮೇಲೆ ಹಾಕುವ ನೀರು ಸೋರದ ಚಡ್ಡಿ ಹೊಲಿದರು. 1961ರಲ್ಲಿ ವಿಕ್ಟರ್ ಮಿಲ್ಸ್ ಅವರ ತಂಡದ, ಬಳಸಿ ಎಸೆಯುವ ಡಯಾಪರು ಮಾರುಕಟ್ಟೆಗೆ ಬಂತು. ನೀರು ಸೋರದ ಹೊದಿಕೆ ಹಾಸಿಗೆಯನ್ನು ಉಳಿಸಿತು, ತೇವವನ್ನು ಮಾತ್ರ ಒಳಗೇ ಹಿಡಿದಿಟ್ಟಿತು. 1980ರ ದಶಕದಲ್ಲಿ ಡಯಾಪರಿಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರನ್ನು ಸೇರಿಸಿದರು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟನ್ನು ಅದು ಹೀರಬಲ್ಲುದು. ಲವಣವಿರುವ ಮೂತ್ರವನ್ನು ಅದಕ್ಕಿಂತ ಬಹಳ ಕಡಿಮೆ ಹೀರುತ್ತದೆ. ಆದರೂ ಚರ್ಮದ ಮೇಲಿನ ತೇವವನ್ನು ಗಣನೀಯವಾಗಿ ಇಳಿಸುತ್ತದೆ.

ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ಮತ್ತಿತರ ಉದ್ಯೋಗದಲ್ಲಿರುವ ಕುಂದಾಪುರದ ಕುಟುಂಬಗಳು ಮಳೆಗಾಲದಲ್ಲಿ ಊರಿಗೆ ಬರುವಾಗ ಡಯಾಪರಿನ ಕಟ್ಟುಗಳೂ ಬರುತ್ತವೆ. ಈಗಂತೂ ಊರಿನ ಅಂಗಡಿಗಳಲ್ಲೇ ಸಿಗುತ್ತವೆ. ಒಣಗದ ಬಟ್ಟೆಯ ಸಮಸ್ಯೆಗೆ ಇದು ನಿಜವಾದ ಪರಿಹಾರವೇ. ಆದರೆ ಇದು ಹೀರುವುದು ಮೂತ್ರವನ್ನು, ಮಲವನ್ನಲ್ಲ. ಬೆಲೆ ಹೆಚ್ಚೆಂದು ಒಂದನ್ನೇ ಇಡೀ ದಿನ ಹಾಕಿಡುವುದೂ ಉಂಟು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಕಿಣ್ವಗಳ ಕೆಲಸ ನಡೆದಿರುತ್ತದೆ.

ಯಾವಾಗ ಕಲಿಸಬೇಕು?

ಈ ಪ್ರಶ್ನೆಗೂ ಇತಿಹಾಸವಿದೆ. 1930ರ ದಶಕದ ಅಮೆರಿಕದ ಸರ್ಕಾರಿ ಕೈಪಿಡಿಗಳು ಮಗುವಿಗೆ ಕೆಲವೇ ತಿಂಗಳಾದಾಗ ಗಡಿಯಾರ ನೋಡಿ ಶೌಚ ಕಲಿಸಬೇಕೆಂದು ಹೇಳುತ್ತಿದ್ದವು. 1962ರಲ್ಲಿ ಮಕ್ಕಳ ವೈದ್ಯ ಬ್ರೇಜಲ್ಟನ್ 1170 ಮಕ್ಕಳ ವಿವರಗಳನ್ನು ಆಧರಿಸಿ ಬೇರೆಯೇ ದಾರಿ ತೋರಿದರು. ಸುಮಾರು 18 ತಿಂಗಳ ಬಳಿಕ, ಮಗು ಸಿದ್ಧವಿರುವ ಸೂಚನೆ ಕೊಟ್ಟಾಗ, ಒತ್ತಾಯವಿಲ್ಲದೆ ಕಲಿಸಬೇಕೆಂದರು. ಅವರ ಮಕ್ಕಳು ಹಗಲು ಹೊತ್ತಿನ ನಿಯಂತ್ರಣ ಸಾಧಿಸಿದ ಸರಾಸರಿ ವಯಸ್ಸು 28.5 ತಿಂಗಳು. 1977ರಲ್ಲಿ ಡಿವ್ರೀಸ್ ದಂಪತಿ ಪೂರ್ವ ಆಫ್ರಿಕದ ಡಿಗೋ ಜನರ ಬಗ್ಗೆ ಬರೆದರು. ಅಲ್ಲಿನ ತಾಯಂದಿರು ಮಗು ಹುಟ್ಟಿದ ಕೆಲವೇ ವಾರಗಳಿಂದ ಅದನ್ನು ಕಾಲುಗಳ ನಡುವೆ ಕೂರಿಸಿಕೊಂಡು ಬಾಯಿಂದ ಸದ್ದು ಮಾಡಿ ಅಭ್ಯಾಸ ಮಾಡಿಸುತ್ತಾರೆ. ಐದಾರು ತಿಂಗಳಿಗೆ ಮಗು ಒಗ್ಗಿಕೊಳ್ಳುತ್ತದೆ. ಓದಿದರೆ ನಮ್ಮ ಜಗಲಿಯ ಅಜ್ಜಿಯೇ ಕಣ್ಣಮುಂದೆ ಬರುತ್ತಾಳೆ! ಎರಡೂ ದಾರಿಗಳು ಸಾಧ್ಯ. ಮೊದಲನೆಯದಕ್ಕೆ ಮಗುವಿನ ಸಿದ್ಧತೆ ಬೇಕು, ಎರಡನೆಯದಕ್ಕೆ ದಿನವಿಡೀ ಜೊತೆಗಿರುವ ದೊಡ್ಡವರು ಬೇಕು.

ದದ್ದಿನ ದೃಷ್ಟಿಯಿಂದ ಕಲಿಕೆಯ ಕಾಲ ಸೂಕ್ಷ್ಮವಾದದ್ದು. ಮಗು ಎಲ್ಲ ಬಗೆಯ ಆಹಾರ ತಿನ್ನತೊಡಗಿರುತ್ತದೆ. ಭೇದಿಯಾದಾಗ ಮಲ ಬೇಗ ಹೊರಬೀಳುವುದರಿಂದ ಅದರಲ್ಲಿ ಚುರುಕಾದ ಕಿಣ್ವಗಳು ಹೆಚ್ಚು. ಡಯಾಪರು ಬಿಡಿಸಿ ಚಡ್ಡಿ ಹಾಕಿರುವುದರಿಂದ ಒದ್ದೆ ನೇರವಾಗಿ ಮೈಗೆ ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗದರಿಸಿಕೊಂಡ ಮಗು ಚಡ್ಡಿಯಲ್ಲಿ ಆದದ್ದನ್ನು ಹೇಳದೆ ಬಾಗಿಲ ಸಂದಿಯಲ್ಲಿ ನಿಲ್ಲುತ್ತದೆ. ಆ ಅಡಗಿದ ಅರ್ಧ ಗಂಟೆ ಸಾಕು. ದದ್ದು ಎದ್ದ ಮೇಲೆ ಪಾಟಿಯಲ್ಲಿ ಕೂರಲು ನೋವು. ನೋವಿಗೆ ಹೆದರಿ ಮಗು ಮಲವನ್ನು ತಡೆಹಿಡಿಯುತ್ತದೆ, ಮಲಬದ್ಧತೆ ಬರುತ್ತದೆ, ಕಲಿತದ್ದೂ ಮರೆಯುತ್ತದೆ. ಗದರಿಸದಿರುವುದು ಇಲ್ಲಿ ಚರ್ಮದ ಚಿಕಿತ್ಸೆಯ ಭಾಗವೇ ಹೌದು.

ಈಗ ಮಾಡಬೇಕಾದದ್ದು

ಅಂಗನವಾಡಿಯಲ್ಲಾಗಲಿ ಮನೆಯಲ್ಲಾಗಲಿ, ಒದ್ದೆಯಾದ ಕೂಡಲೇ ಬಟ್ಟೆ ಬದಲಿಸಿ. ಉಗುರುಬೆಚ್ಚಗಿನ ಬರಿ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ. ದಿನದಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ದದ್ದು ಎದ್ದಿದ್ದರೆ ಸತುವಿನ ಆಕ್ಸೈಡಿನ ಲೇಪವನ್ನು ದಪ್ಪವಾಗಿ ಹಚ್ಚಿ. ಪ್ರತಿ ಸಲ ಅದನ್ನು ಪೂರ್ತಿ ಕೆರೆದು ತೆಗೆಯಬೇಕಾಗಿಲ್ಲ. ಕೊಳೆಯಾದ ಪದರವನ್ನಷ್ಟೇ ತೆಗೆದರೆ ಸಾಕು. ಪೌಡರ್ ಬೇಡ. ಅದರ ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಡೆಟಾಲ್‌ನಂಥ ಕ್ರಿಮಿನಾಶಕಗಳನ್ನು ಮಗುವಿನ ಚರ್ಮಕ್ಕೆ ತಾಗಿಸಬೇಡಿ. ಮೂರು ದಿನಗಳಲ್ಲಿ ಕಡಿಮೆಯಾಗದಿದ್ದರೆ, ಕೀವು, ನೀರುಗುಳ್ಳೆ, ಜ್ವರ ಕಂಡರೆ, ಮಡಿಕೆಗಳ ಒಳಗೂ ಕಡುಕೆಂಪಾಗಿದ್ದರೆ ವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತು ಗುದದ ಸುತ್ತ ತುರಿಕೆಯಿದ್ದರೆ ಜಂತುಹುಳು, ಮೈಯೆಲ್ಲ ತುರಿಕೆಯಿದ್ದರೆ ಕಜ್ಜಿ ಇರಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಶಿಲೀಂಧ್ರನಾಶಕ, ಪ್ರತಿಜೈವಿಕ ಹಾಗೂ ತೀವ್ರ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ಔಷಧಿ ಅಂಗಡಿಯಿಂದ ನೇರವಾಗಿ ತಂದು ಹಚ್ಚುವ ರೂಢಿ ನಮ್ಮಲ್ಲಿದೆ. ಎರಡು ದಿನದಲ್ಲಿ ಕೆಂಪು ಮಾಯವಾಗುವುದರಿಂದ ಅದು ಒಳ್ಳೆಯ ಮದ್ದೆಂದು ತೋರುತ್ತದೆ. ಮುಚ್ಚಿದ ಒದ್ದೆ ಚರ್ಮದ ಮೂಲಕ ಸ್ಟೀರಾಯ್ಡ್ ಹೆಚ್ಚಾಗಿ ಒಳಸೇರಿ, ಚರ್ಮ ತೆಳುವಾಗುತ್ತದೆ. ಮಗುವಿನ ಬೆಳವಣಿಗೆಗೂ ತೊಂದರೆಯಾಗಬಹುದು. ಈ ಭಾಗದಲ್ಲಿ ಸ್ಟೀರಾಯ್ಡ್ ಬಳಸಿದ ಶಿಶುಗಳಲ್ಲಿ ಗಂಟುಗಳೇಳುವುದನ್ನು ವಿಯೆನ್ನಾದ ಟಾಪೈನರ್ ಮತ್ತು ಫ್ಲೇಗರ್ 1971ರಲ್ಲೇ ವಿವರಿಸಿದ್ದರು. 2018ರಲ್ಲಿ ಕೇಂದ್ರ ಸರ್ಕಾರವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾಗುವ ಔಷಧಿಗಳ ಪಟ್ಟಿಗೆ ಸೇರಿಸಿದೆ. 1886ರ ಬಣ್ಣ, 1953ರ ಬೋರಿಕ್ ಪುಡಿ, 1972ರ ಪೌಡರು ಹೇಳಿದ ಪಾಠವೇ ಇದು.

ಬ್ರಹ್ಮಾವರದ ಹತ್ತಿರದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಬರೆದರು. ವಿಜ್ಞಾನ ಮನೆಯಂಗಳದಿಂದಲೇ ಆರಂಭವಾಗಬಹುದೆಂಬ ನಂಬಿಕೆ ಈ ಸೀಮೆಗೆ ಹೊಸದಲ್ಲ. ಅರಿಸಿನದ ಪಟ್ಟಿ, ಕಲ್ಲಂಗಡಿ ಬೀಜ, ಜಾಲಿಸಿದ ನೀರು ಇಟ್ಟುಕೊಂಡು ನೀವೂ ಆರಂಭಿಸಬಹುದು. ಮೂಗಿಗೆ ಮೊದಲು ತಾಗಿದ್ದು ಅಮೋನಿಯ. ಹಾಗಾಗಿ ತಪ್ಪೂ ಅದರ ಮೇಲೆಯೇ ಬಂತು. ದದ್ದಿಲ್ಲದ ಮಗುವಿನ ಬಟ್ಟೆಯನ್ನೂ ಪರೀಕ್ಷಿಸಬೇಕೆಂದು ತೋರಲು 62 ವರ್ಷ ಹಿಡಿಯಿತು. ನಿಮ್ಮ ವಿದ್ಯಾರ್ಥಿಗಳು ಯಾವುದಾದರೂ ಕಾರಣವನ್ನು ಖಚಿತವಾಗಿ ಹೇಳಿದಾಗ, ಆ ಎರಡನೆಯ ಪ್ರನಾಳ ಎಲ್ಲಿದೆ ಎಂದು ಕೇಳಿ.